ಇಂತಿಯಾಜ್ ಭಾಯ್ "ಮುಟ್ಟಬೇಡಿ" ಎಂದ ಕಂಪ್ಯೂಟರ್

ಇಂತಿಯಾಜ್ ಭಾಯ್ ಯಾವ ವಸ್ತುವನ್ನು ಕೈಗೆ ತೆಗೆದುಕೊಂಡರೂ ಮೊದಲು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದರು. ಶಿಡ್ಲಘಟ್ಟದಲ್ಲಿ ಅವರ ತಂದೆ ರೇಷ್ಮೆ ನೂಲು ತೆಗೆಯುವವರು. ಗೂಡು ಕೊಳ್ಳುವ ಮುಂಚೆ ಅಲುಗಿಸಿ ಸದ್ದು ಕೇಳುವುದು ಆ ಮನೆಯ ಅಭ್ಯಾಸ. ಭಾಯ್ ಪೆನ್‌ಡ್ರೈವನ್ನೂ ಬಿಡುತ್ತಿರಲಿಲ್ಲ.

"ಅದ್ರಲ್ಲೇನು ಕೇಳ್ಸುತ್ತೆ ಭಾಯ್?" ಎಂದು ಕೇಳಿದ್ದೆ.

"ಏನೂ ಕೇಳ್ಸಲ್ಲಮ್ಮ. ಅಷ್ಟು ಹೊತ್ತಾದ್ರೂ ದುಡುಕದೆ ಇರ್ತೀನಲ್ಲ."

ಚಿಂತಾಮಣಿಯಲ್ಲಿ ಅವರದೊಂದು ಸಣ್ಣ ಅಂಗಡಿ. ಡಿಪ್ಲೊಮಾ ಓದಿ, ಮದುವೆಯಾಗಿ ಈ ಊರಿಗೆ ಬಂದ ನಾನು ಅವರ ಜೊತೆ ಕೆಲಸಕ್ಕೆ ಸೇರಿದೆ. ರೇಷ್ಮೆ ಹುಳು ಸಾಕುವ ಮನೆಗಳಿಗೆ ನಾವು ಒಂದು ಪೆಟ್ಟಿಗೆ ಮಾಡಿಕೊಡುತ್ತಿದ್ದೆವು. ಗಾಳಿ ಒಣಗಿದಾಗ ಅದು ಮಂಜಿನಂತೆ ನೀರು ಹಾರಿಸುವ ಯಂತ್ರವನ್ನು ತಾನೇ ನಡೆಸುತ್ತದೆ, ಸಾಕಾದಾಗ ನಿಲ್ಲಿಸುತ್ತದೆ. ಒಳಗಿರುವ ಚಿಪ್ ಉಗುರಿನಷ್ಟು. ಅದರಲ್ಲೇ ಪ್ರೋಗ್ರಾಂ ಬರೆಯಲು ಆಗುವುದಿಲ್ಲ. ಅಂಗಡಿಯ ದೊಡ್ಡ ಕಂಪ್ಯೂಟರಿನಲ್ಲಿ ಬರೆದು, ಆ ಚಿಪ್ಪಿಗೆ ತಿಳಿಯುವ ಭಾಷೆಗೆ ಅಲ್ಲೇ ಬದಲಿಸಿ, ಆಮೇಲೆ ತುಂಬಬೇಕು. ಬದಲಿಸಿಕೊಡುವ ಸಾಧನಕ್ಕೆ ಕಂಪೈಲರ್ ಎನ್ನುತ್ತಾರೆ. ಬೇಕಾದಷ್ಟು ಸಿಗುತ್ತವೆ. ಯಾವುದನ್ನು ಆರಿಸಬೇಕು ಎಂಬುದೇ ಕಷ್ಟ.

"ಚಾಕಿ ಸಾಕೋರನ್ನ ನೋಡಮ್ಮ ಮಂಜುಳಾ," ಎನ್ನುತ್ತಿದ್ದರು ಭಾಯ್. ಮರಿಹುಳುಗಳನ್ನು ಒಂದು ಕಡೆ ಸ್ವಲ್ಪ ದೊಡ್ಡದು ಮಾಡಿ ರೈತರ ಮನೆಗಳಿಗೆ ಕಳಿಸುತ್ತಾರಲ್ಲ, ಅದು ಚಾಕಿ. "ಬೆಳೆಯೋದು ಇಲ್ಲಿ, ಬಾಳೋದು ಅಲ್ಲಿ. ತಮ್ಮನೆ ತಂಪು ನೋಡ್ಕೊಂಡು ಸಾಕಿದ್ರೆ ಆಯ್ತಾ? ಹೋಗೋ ಮನೆ ಸೆಕೆ ಗೊತ್ತಿರ್ಬೇಕು."

ಹೊಸದು, ಹೆಸರಾದದ್ದು ಎಂದು ಅವರು ಯಾವುದನ್ನೂ ಒಪ್ಪುತ್ತಿರಲಿಲ್ಲ. ಒಂದೇ ಪ್ರೋಗ್ರಾಮನ್ನು ಸಿಕ್ಕ ಕಂಪೈಲರುಗಳಿಗೆಲ್ಲ ಕೊಟ್ಟು ನೋಡುವರು. ಬಂದದ್ದು ಆ ಪುಟ್ಟ ಚಿಪ್ಪಿನಲ್ಲಿ ಹಿಡಿಯುತ್ತದೆಯೇ, ಇಂಟರ್‌ನೆಟ್ ಇಲ್ಲದಾಗಲೂ ನಡೆಯುತ್ತದೆಯೇ, ಇವತ್ತು ಕೊಟ್ಟದ್ದನ್ನೇ ನಾಳೆಯೂ ಕೊಡುತ್ತದೆಯೇ. ಕೊನೆಗೆ ಪೆಟ್ಟಿಗೆಯನ್ನು ಒದ್ದೆ ಗೋಣಿಚೀಲದ ಕೆಳಗಿಟ್ಟು ಅದು ಹೇಗೆ ನಡೆದುಕೊಳ್ಳುತ್ತದೆಂದು ಕಾಯುವರು.

"ಏನ್ ಭಾಯ್, ಮೊಟ್ಟೆಗೆ ಕಾವು ಕೊಡ್ತಿದ್ದೀರಾ?" ಎಂದು ಬಂದವರು ಕಾಲೆಳೆದರೆ, "ಮರಿ ಆದ್ರೆ ನಿಮಗೂ ಒಂದು ಕೊಡ್ತೀನಿ, ಕೂತ್ಕೊಳ್ಳಿ" ಎನ್ನುವರು.

ಇಷ್ಟು ಎಚ್ಚರದ ಮನುಷ್ಯ ಒಮ್ಮೆ ಎಡವಿದರು. ಕಂಪೈಲರಿನ ಹೊಸ ಆವೃತ್ತಿ ಬಂದಿತ್ತು. ಹಳೆಯದರದೇ ತಮ್ಮ ತಾನೇ ಎಂದು ಗೋಣಿಚೀಲದ ಪರೀಕ್ಷೆ ಬಿಟ್ಟು, ಅದರಿಂದ ತೆಗೆದ ಪ್ರೋಗ್ರಾಮನ್ನು ಸಾದಲಿಯ ಪಾಪಮ್ಮನವರ ಪೆಟ್ಟಿಗೆಗೆ ತುಂಬಿದರು. ಪಾಪಮ್ಮ ಹಿಪ್ಪುನೇರಳೆ ತೋಟವನ್ನೂ ಹುಳುಮನೆಯನ್ನೂ ಒಬ್ಬರೇ ನೋಡಿಕೊಳ್ಳುವವರು. ನಮ್ಮ ಪ್ರೋಗ್ರಾಮಿನಲ್ಲಿ ಒಂದು ಸಾಲಿತ್ತು: ಗಾಳಿಯ ತೇವ ಅಳೆಯುವ ಮುಂಚೆ, ಅಳೆಯುವ ಸಾಧನ ಸಿದ್ಧವಾಗಲೆಂದು, ಒಂದು ಗಳಿಗೆ ಕಾಯಬೇಕು. ಆ ಸಾಲು ಬೇರೇನೂ ಮಾಡುವುದಿಲ್ಲ, ಕಾಯುತ್ತದೆ ಅಷ್ಟೆ. ಹೊಸ ಕಂಪೈಲರ್ ಅದನ್ನು ಕೆಲಸವಿಲ್ಲದ್ದೆಂದು ಬಗೆದು ಕಿತ್ತುಹಾಕಿತ್ತು. ಕಾಯದೆ ಅಳೆದ ಪೆಟ್ಟಿಗೆಗೆ ಗಾಳಿ ಸದಾ ಒಣಗಿದಂತೆಯೇ ಕಂಡಿತು. ಪಾಪಮ್ಮ ಚಿಂತಾಮಣಿಗೆ ಹೋಗಿ ಬರುವಷ್ಟರಲ್ಲಿ ಹುಳುವಿನ ಹಾಸೆಲ್ಲ ತೊಯ್ದುಹೋಗಿತ್ತು.

ಹುಳುಗಳು ಆಗ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಅವು ಸೊಪ್ಪು ತಿನ್ನದೆ, ತಲೆಯೆತ್ತಿ, ಅಲುಗಾಡದೆ ಕೂರುವುದನ್ನು ನಮ್ಮ ಕಡೆ ಹಾಗೆನ್ನುತ್ತಾರೆ. ಆಗ ಹಾಸು ಒಣಗಿರಬೇಕು. ತೇವಕ್ಕೆ ರೋಗ ತಗುಲಿ ಅಷ್ಟೂ ಹೋದವು.

ಭಾಯ್ ತಾವೇ ಹೋಗಿ ಅವನ್ನು ಗುಂಡಿಗೆ ಹೊತ್ತು ಹಾಕಿ, ಸುಣ್ಣ ಚೆಲ್ಲಿ, ಮಣ್ಣು ಮುಚ್ಚಿದರು. ಆದದ್ದನ್ನೆಲ್ಲ ಪಾಪಮ್ಮನವರಿಗೆ ಬಿಡಿಸಿ ಹೇಳಿದರು. "ತಪ್ಪು ನಂದು ಅಕ್ಕಯ್ಯ, ಮಿಷಿನ್ದಲ್ಲ."

ಪಾಪಮ್ಮ ಕೂಗಾಡಲಿಲ್ಲ. "ಸುಮ್ಕೆ ಕೂತೈತೆ ಅಂದ್ರೆ ಕೆಲಸ ಇಲ್ಲ ಅಂತಲ್ಲ ಸಾಬ್ರೆ. ಒಳಗೊಳಗೇ ದೊಡ್ಡದಾಗ್ತಿರ್ತೈತೆ. ನಿಮ್ ಕಂಪ್ಯೂಟ್ರಿಗೆ ತಿಳೀಲಿಲ್ಲ, ಬಿಡಿ. ನಿಮಗೆ ತಿಳೀಬೇಕಾಗಿತ್ತು."

ಭಾಯ್ ಅಂಗಡಿಗೆ ಬಂದವರೇ ಹಳೆಯ ಕಂಪೈಲರನ್ನು ಮತ್ತೆ ಹಾಕಿ, ಇಂಟರ್‌ನೆಟ್ಟಿನ ವೈರು ಕಿತ್ತು, ಕಂಪ್ಯೂಟರಿನ ಮೇಲೆ ಒಂದು ರಟ್ಟು ಅಂಟಿಸಿದರು: "ಜ್ವರಕ್ಕೆ ಕೂತಿದೆ. ಮುಟ್ಟಬೇಡಿ." ರೈತರ ಮನೆಯಲ್ಲಿ ನಮ್ಮ ಪೆಟ್ಟಿಗೆ ಇರುವವರೆಗೂ ಆ ಕಂಪ್ಯೂಟರಿಗೆ ಹೊಸದೇನೂ ಸೋಕಬಾರದು ಎಂದರು.

ಆಮೇಲೆ ಅವರ ಮೂತ್ರಪಿಂಡ ಕೆಟ್ಟಿತು. ನಾನು ಕೊನೆಯ ಸಲ ನೋಡಿದ್ದು ಶಿಡ್ಲಘಟ್ಟದ ಮನೆಯಲ್ಲಿ. ಮುಖ ಊದಿಕೊಂಡಿತ್ತು. ನಾನು ಕೊಟ್ಟ ಕಿತ್ತಳೆ ಹಣ್ಣನ್ನು ಕಿವಿಯ ತನಕ ಎತ್ತಲು ಹೋಗಿ, ಆಗದೆ, ಎದೆಯ ಮೇಲೆ ಇಟ್ಟುಕೊಂಡರು.

"ಪಾಪಮ್ಮನ ಈ ಸಲದ ಹುಳ ಜ್ವರದಿಂದ ಎದ್ವಾ?"

"ಎದ್ದವೆ ಭಾಯ್."

"ಸೊಪ್ಪು ಹಾಕಿದ್ರಂತಾ? ಎದ್ದ ಮೇಲೆ ತಡ ಮಾಡ್ಬಾರ್ದಮ್ಮ. ಹಸಿದಿರ್ತವೆ."

ಅವರು ಹೋದ ಮೇಲೆ ನಾನು ಅಂಗಡಿಯ ಬಾಗಿಲು ತೆಗೆದು ಸುಮ್ಮನೆ ಕೂರುತ್ತಿದ್ದೆ. ರಟ್ಟಿನ ಧೂಳು ಒರೆಸುವುದೊಂದೇ ಕೆಲಸ. ಅಷ್ಟರಲ್ಲಿ ಸಿಡಿಲು ಬಡಿದು ಪಾಪಮ್ಮನವರ ಪೆಟ್ಟಿಗೆ ಸುಟ್ಟಿತು. ಹಳೆಯ ಚಿಪ್ ಈಗ ಎಲ್ಲೂ ಸಿಗುವುದಿಲ್ಲ; ಹೊಸ ಚಿಪ್ ನಮ್ಮ ಹಳೆಯ ಕಂಪೈಲರಿಗೆ ತಿಳಿಯದು. ಬೇರೆ ಆರಿಸಬೇಕು, ಆರಿಸುವವರು ಇಲ್ಲ. ನಾನು ತಪ್ಪು ಆರಿಸಿದರೆ ಪಾಪಮ್ಮ ಇನ್ನೊಂದು ಗುಂಡಿ ತೋಡಬೇಕು. ಆಗುವುದಿಲ್ಲ ಎಂದು ಹೇಳಿಬಿಡೋಣವೆಂದುಕೊಂಡಿದ್ದಾಗಲೇ ಅವರ ಫೋನು ಬಂತು.

"ಚಾಕಿ ಬರೋ ಹೊತ್ತಾಯ್ತು ಕಣಮ್ಮ. ಸಾಬ್ರಿಲ್ಲ ಅಂತ ಹುಳ ನಿಲ್ತವಾ?"

ರಟ್ಟಿದ್ದ ಕಂಪ್ಯೂಟರನ್ನು ನಾನು ಮುಟ್ಟಲಿಲ್ಲ. ಉಳಿದ ರೈತರ ಪೆಟ್ಟಿಗೆಗಳಿಗೆ ಅದು ಹಾಗೆಯೇ ಇರಬೇಕು. ಮನೆಯಿಂದ ಬೇರೊಂದನ್ನು ತಂದು ಪಕ್ಕದಲ್ಲಿಟ್ಟೆ. ಅವರು ನೋಡುತ್ತಿದ್ದ ಹಾಗೆಯೇ ಒಂದೊಂದು ಕಂಪೈಲರನ್ನೂ ನೋಡಿದೆ. ದೊಡ್ಡ ಹೆಸರಿನದು ಇಂಟರ್‌ನೆಟ್ ಇಲ್ಲದೆ ಏಳಲಿಲ್ಲ. ಇನ್ನೊಂದು ಕೊಟ್ಟದ್ದು ಚಿಪ್ಪಿನಲ್ಲಿ ಹಿಡಿಯಲಿಲ್ಲ. ಮೂರನೆಯದು ಎರಡಕ್ಕೂ ಒಪ್ಪಿತು. ಕಾಯುವ ಸಾಲನ್ನು ಇದೂ ಕಿತ್ತುಹಾಕದ ಹಾಗೆ ಬೇರೆ ರೀತಿಯಲ್ಲಿ ಬರೆದು, ಅದು ಕೊಟ್ಟದ್ದನ್ನು ಬಿಚ್ಚಿ ನೋಡಿದೆ. ಸಾಲು ಉಳಿದಿತ್ತು. ಪೆಟ್ಟಿಗೆಯನ್ನು ಒದ್ದೆ ಗೋಣಿಚೀಲದ ಕೆಳಗಿಟ್ಟೆ.

ಸಾದಲಿಯಲ್ಲಿ ಪೆಟ್ಟಿಗೆಯನ್ನು ಗೋಡೆಗೆ ಕೂರಿಸುವ ಮುಂಚೆ, ಯಾಕೋ, ಕಿವಿಯ ಹತ್ತಿರ ಹಿಡಿದು ಅಲುಗಿಸಿದೆ. ಪಾಪಮ್ಮ ನೋಡಿಯೂ ನೋಡದಂತೆ ಸೆರಗು ಸರಿಮಾಡಿಕೊಂಡರು. ಗುಂಡಿ ಒತ್ತಿದೆ. ಏನೂ ಆಗಲಿಲ್ಲ.

"ಕೆಟ್ಟೋಯ್ತೇನಮ್ಮ?" ಎಂದರು.

"ಇಲ್ಲ ಅಕ್ಕಯ್ಯ. ಕಾಯ್ತಾ ಇದೆ."

ಆಮೇಲೆ ಪೆಟ್ಟಿಗೆಯ ದೀಪ ಹತ್ತಿತು.