ಡಾಗ್ನಿಯ ಗಾಡಿ ನಿಂತ ಬೆಳಗ್ಗೆ

ಮೂವತ್ತೊಂದು ವರ್ಷದಲ್ಲಿ ಡಾಗ್ನಿ ಬುಂಡ್‌ಗಾರ್ಡ್ ಒಂದು ದಿನವೂ ತಡಮಾಡಿದವಳಲ್ಲ. ಜುಟ್ಲೆಂಡ್ ಸೀಮೆಯ ಪಡುವಣ ಗಾಳಿ ಅವಳ ಗಾಡಿಯನ್ನೇ ಚರಂಡಿಗೆ ನೂಕಿದ ದಿನ ಕೂಡ, ಯಾರದೋ ಟ್ರ್ಯಾಕ್ಟರಿನಿಂದ ಎಳೆಸಿಕೊಂಡು, ಏಳಕ್ಕೆ ಸರಿಯಾಗಿ ಕೊಳವೆ ಬಗ್ಗಿಸುವ ಕಾಯ್‌ನ ಶೆಡ್ಡಿನ ಮುಂದೆ ಹಾರ್ನ್ ಹೊಡೆದಿದ್ದಳು. ಹೆಂಗಸೆಂದರೆ ಅವಳಪ್ಪ!

ವೆಸ್ಟರ್‌ಲುಂಡ್ ಸುತ್ತ ಹದಿಮೂರು ಸಣ್ಣ ಕಾರ್ಖಾನೆಗಳು. ಎಲ್ಲವೂ ಸ್ಟೀಲಿನವು. ಒಬ್ಬ ತಗಡು ಕತ್ತರಿಸಿದರೆ, ಇನ್ನೊಬ್ಬ ಕೊಳವೆ ಬಗ್ಗಿಸುತ್ತಾನೆ, ಮತ್ತೊಬ್ಬ ಬೆಸೆಯುತ್ತಾನೆ, ಮಗದೊಬ್ಬ ಕನ್ನಡಿಯಂತೆ ತಿಕ್ಕುತ್ತಾನೆ. ಅರ್ಧ ಮುಗಿದ ಮಾಲನ್ನು ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಸಾಗಿಸುವುದೇ ಡಾಗ್ನಿಯ ಕೆಲಸ. ಬೆಸುಗೆಯ ಮೇಲೆ ಬೆರಳಾಡಿಸಿ ಇದು ಯಾರ ಕೈಯದೆಂದು ಹೇಳಿಬಿಡುತ್ತಿದ್ದಳು, ಒಮ್ಮೆಯೂ ತಪ್ಪಿದ್ದಿಲ್ಲ.

ಆ ವಸಂತದಲ್ಲಿ ತೊಂದರೆ ಬಂದದ್ದು ಕಾಗದದ ರೂಪದಲ್ಲಿ. ಯಾವ ಸೀಮೆ ಯಾವ ಕಸುಬಿನಿಂದ ಬದುಕುತ್ತದೆ, ಎಲ್ಲೆಲ್ಲಿ ಉದ್ಯಮಗಳು ಗೊಂಚಲುಗಟ್ಟಿವೆ ಎಂದು ಪ್ರಾಂತ್ಯದ ಕಚೇರಿ ಪಟ್ಟಿ ಮಾಡುತ್ತಿತ್ತು. ಪಟ್ಟಿಗೆ ಸೇರಿದ ಊರಿಗೆ ನೆರವು. ಸೇರದಿದ್ದರೆ ವೆಸ್ಟರ್‌ಲುಂಡ್ ಕಸುಬು ಶಾಲೆಯ ಲೋಹ ವಿಭಾಗ ಬೇಸಿಗೆಗೆ ಮುಚ್ಚಬೇಕು. ಹೊಸ ಕೈಗಳು ಬರದೇ ಹೋದರೆ ನರೆತ ಮೀಸೆಯ ಈ ಮಾಲೀಕರು ಒಬ್ಬೊಬ್ಬರಾಗಿ ಬಾಗಿಲೆಳೆಯುತ್ತಾರೆ. ಆಮೇಲೆ ಡಾಗ್ನಿ ಗಾಡಿಯಲ್ಲಿ ಏನು ಸಾಗಿಸಬೇಕು, ಗಾಳಿಯನ್ನೇ?

ಕಚೇರಿಯಿಂದ ಬಂದಿದ್ದ ಎಸ್ಕಿಲ್ ಥೋರುಪ್ ಒಳ್ಳೆಯ ಮನುಷ್ಯ. ಆದರೆ ಅವನ ಕಡತದಲ್ಲಿ ವಿಗ್ಗೋ ಹಾಲಿನ ಯಂತ್ರದವನು, ಕಾಯ್ ಮೀನಿನ ತೊಟ್ಟಿಯವನು, ಇನ್ನೊಬ್ಬ ಆಸ್ಪತ್ರೆ ಮಂಚದವನು. ಬೇರೆ ಬೇರೆ ಹಾಳೆ, ಬೇರೆ ಬೇರೆ ಲೆಕ್ಕ. ಸಾಲದ್ದಕ್ಕೆ, 'ನೀವು ಯಾರೊಂದಿಗೆ ಸಹಕರಿಸುತ್ತೀರಿ?' ಎಂಬ ಪ್ರಶ್ನೆಗೆ ಹದಿಮೂರೂ ಜನ ಒಂದೇ ಉತ್ತರ ಬರೆದಿದ್ದರು: ಯಾರೂ ಇಲ್ಲ.

ಶಾಲೆಯ ಕ್ಯಾಂಟೀನಿನಲ್ಲಿ ಎಸ್ಕಿಲ್ ಇದನ್ನು ಹೇಳಿದ್ದೇ ತಡ, ಡಾಗ್ನಿ ನೇರ ವಿಗ್ಗೋನ ಶೆಡ್ಡಿಗೆ ನುಗ್ಗಿದಳು.

"ಏನಯ್ಯಾ, ಯಾರೂ ಇಲ್ಲ ಅಂತ ಬರೆದಿದ್ದೀಯಂತೆ? ಬುದ್ಧಿ ನೆಟ್ಟಗಿದೆಯಾ?"

"ಇಲ್ವಲ್ಲ ಮತ್ತೆ. ಸಹಕಾರ ಅಂದ್ರೆ ಕೋಟು ಹಾಕ್ಕೊಂಡು ಸಹಿ ಮಾಡೋದು. ನಾನ್ಯಾವತ್ತು ಮಾಡಿದ್ದೀನಿ?"

"ನಿನ್ನ ಕೊಳವೆ ಬಗ್ಗಿಸಿಕೊಡೋನು ಯಾರು, ನಿಮ್ಮಜ್ಜನಾ?"

"ಕಾಯ್. ಅದು ಸಹಕಾರ ಏನೇ ಮಾರಾಯ್ತಿ? ಅವನು ಪಕ್ಕದವನು ಕಣೇ!"

ಡಾಗ್ನಿ ಹಣೆ ಚಚ್ಚಿಕೊಂಡಳು. ಇವರ ಪಾಲಿಗೆ ನೆರೆಯವನ ಕೆಲಸ ಮಾಡಿಕೊಡುವುದನ್ನು ಕಾಗದದಲ್ಲಿ ಬರೆಯುವುದೆಂದರೆ ಜಂಬ ಕೊಚ್ಚಿಕೊಂಡಂತೆ. ಕುತ್ತಿಗೆಗೆ ಬಂದರೂ ಬರೆಯುವವರಲ್ಲ.

ಗುರುವಾರ ಶಾಲೆಯಲ್ಲಿ ಎಸ್ಕಿಲ್‌ನ ಕೊನೆಯ ಸಭೆ. ಮರುದಿನ ಪಟ್ಟಿ ಕಚೇರಿಗೆ ಹೋಗಬೇಕು. ಅಂದು ಬೆಳಗ್ಗೆ ಡಾಗ್ನಿ ಎಂದಿನಂತೆ ಹದಿಮೂರೂ ಶೆಡ್ಡುಗಳಿಂದ ಮಾಲು ತುಂಬಿಕೊಂಡಳು. ಎಲ್ಲಿಯೂ ಇಳಿಸಲಿಲ್ಲ. ಗಾಡಿಯನ್ನು ಶಾಲೆಯ ಅಂಗಳದಲ್ಲಿ ನಿಲ್ಲಿಸಿ, ಬೀಗ ಹಾಕಿ, ಒಳಗೆ ಹೋಗಿ ಕಾಫಿ ಹಿಡಿದು ಕೂತಳು. ಮೂವತ್ತೊಂದು ವರ್ಷ ಗಳಿಸಿದ ಹೆಸರನ್ನು ಅವಳು ತಾನಾಗಿಯೇ ಪಣಕ್ಕಿಟ್ಟಿದ್ದಳು.

ಮಾಲೀಕರು ಒಬ್ಬರೂ ಬಂದಿರಲಿಲ್ಲ. ಕೆಲಸ ಬಿಟ್ಟು ಭಾಷಣ ಕೇಳುವ ಜನವಲ್ಲ ಅದು. ಖಾಲಿ ಕುರ್ಚಿಗಳನ್ನು ನೋಡುತ್ತ ಎಸ್ಕಿಲ್ ಗಂಟಲು ಸರಿಮಾಡಿಕೊಂಡು, "ಇಲ್ಲಿ ಗೊಂಚಲು ಅನ್ನೋದೇ ಇಲ್ಲ..." ಎನ್ನುವಷ್ಟರಲ್ಲಿ ಡಾಗ್ನಿಯ ಫೋನು ಬಡಿದುಕೊಂಡಿತು. ತೆಗೆಯಲಿಲ್ಲ. ಮತ್ತೆ ಬಡಿಯಿತು. ಹತ್ತು ಗಂಟೆಗೆಲ್ಲ ಅಂಗಳದ ತುಂಬ ಮಾಲು ಹುಡುಕಿ ಬಂದ ಮಾಲೀಕರ ವಾಹನಗಳು.

"ಡಾಗ್ನೀ! ಏನಾಯ್ತು, ಹುಷಾರಿದ್ದೀಯಾ?" ಮೊದಲು ಓಡಿಬಂದವನು ಕಾಯ್. ಅವಳು ಆರಾಮಾಗಿ ಕಾಫಿ ಹೀರುತ್ತ ಕೂತಿದ್ದು ಕಂಡು ದನಿ ಏರಿತು. "ನನ್ನ ತಗಡೆಲ್ಲಿ? ಎರಡು ಯಂತ್ರ ಸುಮ್ನೆ ನಿಂತಿವೆ!"

"ಬಾ ಹೊರಗೆ. ಎಸ್ಕಿಲ್, ನಿಮ್ಮ ಪೆನ್ನು ತಗೊಂಡು ನೀವೂ ಬನ್ನಿ," ಎಂದವಳೇ ಗಾಡಿಯ ಬಾಗಿಲು ತೆರೆದಳು. "ಯಾರು ಕತ್ತರಿಸಿದ್ದು, ನಿನ್ನ ಹತ್ರ ಏನಾಗತ್ತೆ, ಆಮೇಲೆ ಯಾರ ಹತ್ರ ಹೋಗತ್ತೆ? ಈ ಸಾಹೇಬ್ರಿಗೆ ಹೇಳು. ಹೇಳದೆ ಒಂದು ಮೊಳೇನೂ ಕೊಡಲ್ಲ."

ಕಾಯ್ ಹೇಳಿದ. ವಿಗ್ಗೋ ಗೊಣಗುತ್ತ ಹೇಳಿದ. ಒಬ್ಬೊಬ್ಬರೂ ಹೇಳಬೇಕಾಯಿತು. ಎಸ್ಕಿಲ್ ತನ್ನ ಹಾಳೆಯ ಹಿಂದೆ ಗೆರೆ ಎಳೆದೂ ಎಳೆದೂ ಸುಸ್ತಾದ. ಹಾಲಿನ ಯಂತ್ರದಿಂದ ಮೀನಿನ ತೊಟ್ಟಿಗೆ, ಅಲ್ಲಿಂದ ಆಸ್ಪತ್ರೆಯ ಮಂಚಕ್ಕೆ. ಗೆರೆ ತಾಗದ ಶೆಡ್ಡು ಒಂದೂ ಉಳಿಯಲಿಲ್ಲ.

"ಅಯ್ಯೋ ದೇವರೇ, ನೀವೆಲ್ಲ ಸೇರಿ ಒಂದೇ ಕಾರ್ಖಾನೆ ಅಲ್ವೇನ್ರೀ! ಈ ವಿಭಾಗ ಮುಚ್ಚೋಕೆ ನಾನು ಬಿಡಲ್ಲ," ಎಂದ ಎಸ್ಕಿಲ್. ನಮೂನೆ ತಿರುಗಿಸಿದ. "ಇನ್ನೊಂದೇ ಜಾಗ ಖಾಲಿ ಇದೆ. ಗೊಂಚಲನ್ನು ಕೂಡಿಸೋ ಸಂಸ್ಥೆ ಯಾವುದು?"

ಹದಿಮೂರೂ ಜನರ ಕಣ್ಣು ಗಾಡಿಯ ಕಡೆ ತಿರುಗಿತು. ಕೊನೆಗೆ ವಿಗ್ಗೋ ಟೋಪಿ ತೆಗೆದ. ಅವನು ಟೋಪಿ ತೆಗೆಯುವುದು ಚರ್ಚಿನಲ್ಲಿ ಮಾತ್ರ.

"ಡಾಗ್ನಿ ಬುಂಡ್‌ಗಾರ್ಡ್ ಅಂತ ಬರೀರಿ."

"ಅದು ಸಂಸ್ಥೆ ಅಲ್ವಲ್ಲ."

"ಬರೀರಿ ಸ್ವಾಮಿ," ಎಂದ ಕಾಯ್. ಉಳಿದವರೂ ಹೂಂಗುಟ್ಟಿದರು.

ಎಸ್ಕಿಲ್ ಬರೆದ. ಡಾಗ್ನಿ ಗಾಡಿಯೊಳಗೆ ತಲೆ ತೂರಿಸಿ, ಕೈಗವಸಿನಿಂದ ಕಣ್ಣೊರೆಸಿಕೊಂಡು, ಕಾಯ್‌ಗೆ ಸೇರಬೇಕಾದ ತಗಡನ್ನು ಎಳೆಯತೊಡಗಿದಳು. ಇನ್ನೊಂದು ತುದಿಯನ್ನು ವಿಗ್ಗೋ ಹಿಡಿದ.