ಎಪ್ಪತ್ತೆಂಟು ಮಕ್ಕಳ ಹೌದು

ಶಿವಮೊಗ್ಗದ ನನ್ನ ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿಗೆ ಇಪ್ಪತ್ತೆರಡೇ ಮಕ್ಕಳು, ಗಣಿತಕ್ಕೆ ನಾವಿಬ್ಬರು ಶಿಕ್ಷಕಿಯರು. ಭದ್ರಾವತಿಯ ಒಂದು ಸರ್ಕಾರಿ ಶಾಲೆಯಲ್ಲಿ ಅದೇ ಹತ್ತನೇ ತರಗತಿಗೆ ಎಪ್ಪತ್ತೆಂಟು ಮಕ್ಕಳು, ಗಣಿತಕ್ಕೆ ಯಾರೂ ಇಲ್ಲ. ಎರಡು ವರ್ಷದಿಂದ ಪಿ.ಟಿ. ಮಾಸ್ತರರೇ ಅದನ್ನೂ ಹೇಳಿಕೊಡುತ್ತಿದ್ದರು. ವಾರಕ್ಕೆ ಮೂರು ದಿನ ಅಲ್ಲಿಗೆ ಹೋಗಬೇಕೆಂದು ನನಗೆ ಆದೇಶ ಬಂತು. ಇಪ್ಪತ್ತು ವರ್ಷ ಪಾಠ ಮಾಡಿದವಳಿಗೆ ಎಪ್ಪತ್ತೆಂಟು ಯಾವ ಮಹಾ ಎಂದುಕೊಂಡೇ ಬಸ್ಸು ಹತ್ತಿದೆ.

ಮೊದಲ ವಾರ ನನಗೆ ನನ್ನ ಮೇಲೇ ಹೆಮ್ಮೆ. ಅರ್ಥ ಆಯ್ತಾ ಎಂದರೆ "ಹೌದು ಮಿಸ್" ಎಂದು ಇಡೀ ಕೊಠಡಿ ಕೂಗುತ್ತಿತ್ತು. ಸೂತ್ರ ಕೇಳಿದರೂ ಅಷ್ಟೇ, ಡ್ರಿಲ್ಲಿನ ಹಾಗೆ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದರು. ಆಮೇಲೆ ಕಿರುಪರೀಕ್ಷೆ ಕೊಟ್ಟೆ. ಅರ್ಧಕ್ಕರ್ಧ ಮಕ್ಕಳು ಸೂತ್ರ ಬರೆದು ಅಲ್ಲಿಗೇ ನಿಲ್ಲಿಸಿದ್ದರು. ಕೊನೆಯ ಬೆಂಚಿನ ಒಬ್ಬ ಹುಡುಗಿ ಹೆಸರು ಬಿಟ್ಟು ಏನೂ ಬರೆದಿರಲಿಲ್ಲ.

ಅವಳನ್ನು ಸ್ಟಾಫ್ ರೂಮಿಗೆ ಕರೆದೆ. "ಮತ್ತೆ ದಿನಾ ಹೌದು ಮಿಸ್ ಅಂತ ಕೂಗ್ತೀಯಲ್ಲ ಮಾರಾಯ್ತಿ?"

"ನಾನು ಬರೀ ಬಾಯಿ ಆಡಿಸ್ತೀನಿ ಮಿಸ್. ಒಬ್ಬಳೇ ಅರ್ಥ ಆಗಿಲ್ಲ ಅಂದ್ರೆ ಎಲ್ರೂ ತಿರುಗಿ ನೋಡ್ತಾರೆ."

ಈ ಸಲ ಗಣಿತದಲ್ಲಿ ಫೇಲಾದರೆ ಓದು ಸಾಕು ಎಂದು ಮನೆಯಲ್ಲಿ ಹೇಳಿದ್ದಾರಂತೆ. ಅದನ್ನೂ ತಲೆ ತಗ್ಗಿಸಿಕೊಂಡೇ ಹೇಳಿದಳು.

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಶಿವಮೊಗ್ಗದಲ್ಲಿ ಒಂದು ಮಗು ಹುಬ್ಬು ಗಂಟಿಕ್ಕಿದರೂ ನನಗೆ ಗೊತ್ತಾಗುತ್ತದೆ. ಇಲ್ಲಿ ಕೊನೆಯ ಬೆಂಚಿನ ಮುಖಗಳೇ ಕಾಣುವುದಿಲ್ಲ. ಆದೇಶ ಬರೆಯುವವರು ಒಂದು ಪೀರಿಯಡ್ ಇಲ್ಲಿ ಬಂದು ನಿಂತು ನೋಡಲಿ.

ಮರುದಿನವೇ ಒಟ್ಟಿಗೆ ಉತ್ತರ ಕೂಗುವುದನ್ನು ನಿಲ್ಲಿಸಿದೆ. ಗೊತ್ತಿಲ್ಲ ಎಂದವರಿಗೆ ಬೈಗುಳವಿಲ್ಲ, ಗೊತ್ತು ಎಂದವರು ಬೋರ್ಡಿಗೆ ಬರಬೇಕು.

"ಒಬ್ಬೊಬ್ರನ್ನೇ ಕೇಳ್ತಾ ಕೂತ್ರೆ ಪೋರ್ಷನ್ ಮುಗಿಯುತ್ತಾ ಮಾರಾಯ್ರೆ?" ಎಂದರು ಪಿ.ಟಿ. ಮಾಸ್ತರು.

"ಮುಗಿಸ್ತೀನಿ, ನೋಡ್ತಿರಿ. ಬೆಳಿಗ್ಗೆ ಒಂದು ಗಂಟೆ ಬೇಗ ಬರ್ತೀನಿ, ನೀವು ಗೇಟು ತೆಗೆಸಿ," ಎಂದೆ. ಪಾಪ, ನಾನು ಬರುವಷ್ಟರಲ್ಲಿ ಅವರು ಮಕ್ಕಳನ್ನೂ ಕೂರಿಸಿಟ್ಟಿರುತ್ತಿದ್ದರು.

ಮೂರು ವಾರ ಆ ಹುಡುಗಿ ತುಟಿ ಬಿಚ್ಚಲಿಲ್ಲ. ನಾಲ್ಕನೇ ವಾರ ತ್ರಿಕೋನಮಿತಿಯ ಲೆಕ್ಕವೊಂದನ್ನು ಬೋರ್ಡಿನ ಮೇಲೆ ಮುಗಿಸಿ, ಯಾರಿಗೆ ಅರ್ಥವಾಗಿಲ್ಲ ಎಂದು ಕೇಳಿದೆ. ಕೊನೆಯ ಬೆಂಚಿನಿಂದ ಅವಳು ಎದ್ದು ನಿಂತಳು.

"ನನಗೆ ಆಗಿಲ್ಲ ಮಿಸ್. ಎರಡನೇ ಸಾಲಿಂದ ಆಗಿಲ್ಲ."

ಎಲ್ಲರೂ ತಿರುಗಿ ನೋಡಿದರು. ಅವಳು ಕೂರಲಿಲ್ಲ. ಪಕ್ಕದವಳು ಎದ್ದಳು, ಮುಂದಿನ ಬೆಂಚಿನ ಇಬ್ಬರು ಎದ್ದರು. ನಾನು ಎರಡನೇ ಸಾಲಿನಿಂದ ಕೆಳಗಿದ್ದದ್ದನ್ನೆಲ್ಲ ಅಳಿಸಿ ತಿರುಗುವಷ್ಟರಲ್ಲಿ ಅರ್ಧ ತರಗತಿ ನಿಂತಿತ್ತು.