ಸುಣ್ಣದ ಗೆರೆಗೆ ಒಂದು ಬಾಗಿಲು

ನನ್ನ ತಂಗಿಗೆ ಆಗ ಮೂವತ್ತೆಂಟು ವರ್ಷ. ಹುಟ್ಟಿದಾಗಿನಿಂದಲೂ ಅವಳ ಬುದ್ಧಿ ನಿಧಾನ, ಕಾಲು ಮಾತ್ರ ಚುರುಕು. ಅಮ್ಮ ಹೋದ ಮೇಲೆ ವೇಲಚೇರಿಯ ಫ್ಲ್ಯಾಟಿನಲ್ಲಿ ನನ್ನ ಜೊತೆಯೇ ಇದ್ದಳು. ನಮ್ಮ ಕಡೆಗೆ ರೈಲು ಇನ್ನೂ ಬಂದಿರದ ಕಾಲ. ಬಾಲ್ಕನಿಯಲ್ಲಿ ಕೂತು, ಕೆಳಗೆ ಮಕ್ಕಳು ಚೆಂಡು ಒದ್ದಾಗಲೆಲ್ಲ ತಾನೂ ಗ್ರಿಲ್ಲನ್ನು ಒದೆಯುತ್ತಿದ್ದಳು. ಬಲಗಾಲಿನ ಹೆಬ್ಬೆರಳಿಗೆ ಸದಾ ಒಂದು ಬಟ್ಟೆಯ ಪಟ್ಟಿ.

ಕೀಲ್ಪಾಕಿನ ಹತ್ತಿರ ಒಂದು ಫುಟ್‌ಬಾಲ್ ಕ್ಲಬ್ಬಿನವರು ಶನಿವಾರ ಬೆಳಿಗ್ಗೆ ಇಂಥವರಿಗೆ ಧರ್ಮಾರ್ಥವಾಗಿ ಆಟ ಕಲಿಸುತ್ತಾರೆಂದು ತಿಳಿದು ಹೆಸರು ಬರೆಸಿದೆ. ಗಾಲಿಕುರ್ಚಿಯವರು, ಕಣ್ಣು ಕಾಣದವರು, ಆಶ್ರಮದ ವ್ಯಾನಿನಲ್ಲಿ ಬರುವ ವಯಸ್ಸಾದ ಹೆಂಗಸರು, ಎಲ್ಲರೂ ಅಲ್ಲಿದ್ದರು. ಇವಳಿಗೊಂದು ಹಸಿರು ಜರ್ಸಿ ಕೊಟ್ಟರು. ವಾರವಿಡೀ ಅದನ್ನೇ ಹಾಕಿಕೊಂಡಳು. ಒಗೆದು ಹಾಕಿದರೆ ಒಣಗುವವರೆಗೂ ಹಗ್ಗದ ಕೆಳಗೇ ನಿಂತಿರುತ್ತಿದ್ದಳು.

ಮೊದಲ ಶನಿವಾರ ಐದು ಗಂಟೆಗೇ ಎದ್ದು ತಯಾರಾದವಳು, ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋದರೆ, ಮೈದಾನದ ಬಿಳಿ ಗೆರೆಯ ಹತ್ತಿರ ನಿಂತೇಬಿಟ್ಟಳು.

"ವಾಮ್ಮಾ, ಉಳ್ಳೆ ವಾ," ಒಳಗೆ ಬಾ ಎಂದು ಮೈದಾನದಿಂದ ಕೋಚ್ ತಮಿಳಿನಲ್ಲಿ ಕರೆದ.

"ಮಾಟೇನ್," ಎಂದಳು. ನನ್ನ ಕಡೆ ತಿರುಗಿ, "ಬರಲ್ಲ ಅಕ್ಕಾ."

"ಒಂದೇ ಒಂದು ಹೆಜ್ಜೆ ಕಣೇ. ಸುಮ್ನೆ ಅಡಂ ಮಾಡ್ಬೇಡ, ಹಟಮಾರಿ." ಕೈ ಹಿಡಿದು ಎಳೆದೆ. ನೆಲದ ಮೇಲೆ ಕೂತುಬಿಟ್ಟಳು.

ಪಕ್ಕದ ಬೆಂಚಿನಲ್ಲಿದ್ದ ತಾಯಿಯೊಬ್ಬಳು, "ನೀಂಗದಾನ್ ಬಯಮುರುತ್ತಿ ವೆಚ್ಚಿರುಕೀಂಗ, ಮಾಮಿ," ಎಂದಳು. ನಾನೇ ಹೆದರಿಸಿ ಇಟ್ಟಿದ್ದೇನಂತೆ. ಎಂಥಾ ಸಿಟ್ಟು ಬಂತು ನನಗೆ! ಮನೆಗೆ ಹೋಗಿ ಹುಳಿಗೆ ಎರಡು ಸಲ ಉಪ್ಪು ಹಾಕಿದೆ.

ಇನ್ನೆರಡು ಶನಿವಾರವೂ ಹಾಗೇ ಆಯಿತು. ಅಲ್ಲಿ ಜಾಗ ಕಡಿಮೆ, ಕಾದಿರುವವರು ಬಹಳ. ಒಂದು ತಿಂಗಳಲ್ಲಿ ಆಟಕ್ಕೆ ಇಳಿಯದವರ ಜಾಗವನ್ನು ಬೇರೆಯವರಿಗೆ ಕೊಡುತ್ತಿದ್ದರು. ಕೋಚ್ ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ, ಚೆಂಡಿಗೆ ಅಂಟಿದ ಮಣ್ಣು ಕೆರೆಯುತ್ತಿದ್ದ. ಜರ್ಸಿ ವಾಪಸು ಕೊಡಬೇಕೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ನಾಲ್ಕನೆಯ ಶನಿವಾರ ನಾನು ಎಳೆಯಲಿಲ್ಲ, ಏನಾದರೂ ಮಾಡಿಕೊಳ್ಳಲಿ ಎಂದು ಬಿಟ್ಟೆ. ಅವಳು ಗೆರೆಯ ಪಕ್ಕದಲ್ಲೇ ನಡೆಯತೊಡಗಿದಳು. ನಾನು ಹಿಂದೆ ಹಿಂದೆ. ಮೂಲೆಯಲ್ಲಿ ತಿರುಗಿದಳು, ಗೋಲಿನ ಬಲೆಯ ಹಿಂದೆ ಹಾದಳು, ಇಡೀ ಮೈದಾನ ಸುತ್ತಿ ಹೊರಟಲ್ಲಿಗೇ ಬಂದು ನಿಂತಳು. ಕಣ್ಣಲ್ಲಿ ನೀರು.

"ಎಲ್ಲೂ ಮುಗಿಯೋದೇ ಇಲ್ಲ ಅಕ್ಕಾ ಇದು. ಹೆಂಗ್ ಹೋಗ್ಲಿ?"

ಆಗ ಹೊಳೆಯಿತು. ಮನೆಯ ಬಾಗಿಲಲ್ಲಿ ನಾನು ದಿನಾ ರಂಗೋಲಿ ಹಾಕುತ್ತೇನೆ. ಅವಳು ಅದನ್ನು ತುಳಿಯುವುದಿಲ್ಲ, ದಾಟುವುದಿಲ್ಲ, ಗೋಡೆ ಹಿಡಿದು ಬದಿಯಿಂದ ಬರುತ್ತಾಳೆ. ಚಿಕ್ಕವಳಿದ್ದಾಗ ಒಂದು ಧನುರ್ಮಾಸದ ಬೆಳಿಗ್ಗೆ ನನ್ನ ರಂಗೋಲಿಯ ಮೇಲೆ ಕಾಲೆಳೆದುಕೊಂಡು ಹೋಗಿದ್ದಳು. ತೊಡೆಗೆ ಒಂದು ಬಿಗಿದಿದ್ದೆ. ಆ ತಾಯಿ ಹೇಳಿದ್ದರಲ್ಲಿ ತಪ್ಪೇನಿತ್ತು?

ಕೋಚಿಗೆ ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ. ಗೆರೆ ಹಾಕುವ ಮುದುಕನನ್ನು ಕೂಗಿದ. ಆತ ಬಂದು, ತಾನೇ ಬೆಳಿಗ್ಗೆ ಎಳೆದಿದ್ದ ಸುಣ್ಣದ ಗೆರೆಯನ್ನು ಒಂದು ಮೊಳದಷ್ಟು ಕಾಲಿನಿಂದ ಒರೆಸಿ, "ಇದೋ ವಾಸಲ್," ಎಂದ. ಬಾಗಿಲು ಆಯಿತು.

ಇವಳು ಆ ಬಾಗಿಲನ್ನು ನೋಡಿದಳು, ಅವನ ಮುಖ ನೋಡಿದಳು. "ತಾತಾ, ಅಳಮಾಟೀಂಗಳೇ?" ಅಳುವುದಿಲ್ಲ ತಾನೇ ಎಂದು ಕೇಳುತ್ತಿದ್ದಳು.

"ನಾನ್ ಯೇಮ್ಮಾ ಅಳಪೋರೇನ್!" ನಾನ್ಯಾಕೆ ಅಳಲಿ ಎಂದು ಮುದುಕನಿಗೆ ನಗು.

ನನಗೆ ನಗು ಬರಲಿಲ್ಲ. ಆ ಧನುರ್ಮಾಸದ ದಿನ ಹೊಡೆದ ಮೇಲೆ, ಕೆಟ್ಟುಹೋದ ರಂಗೋಲಿಯ ಮುಂದೆ ಕೂತು ಅತ್ತಿದ್ದವಳು ನಾನು. ನನಗೆ ಮರೆತೇಹೋಗಿತ್ತು. ಇಷ್ಟು ವರ್ಷ ಅವಳು ಗೋಡೆ ಹಿಡಿದು ನಡೆದದ್ದು ಏಟಿನ ಹೆದರಿಕೆಯಿಂದಲ್ಲ.

ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು.

ಆಮೇಲೆ ಪ್ರತಿ ಶನಿವಾರ ಮುದುಕ ಬೆಂಚಿನ ಎದುರು ಒಂದು ಮೊಳ ಬಿಟ್ಟೇ ಗೆರೆ ಹಾಕುತ್ತಿದ್ದ. ಗಾಲಿಕುರ್ಚಿಯವರೂ ಅಲ್ಲಿಂದಲೇ ಒಳಗೆ ಬರುವುದು ರೂಢಿಯಾಗಿ, ಬಾಗಿಲು ಎರಡು ಮೊಳವಾಯಿತು. ಗೆರೆಯ ಮೇಲೆ ಚೆಂಡು ಉರುಳಿದರೆ ಇವಳು ಸಂಕಟಪಡುವುದನ್ನು ಕಂಡು ಕೋಚ್ ಅವಳನ್ನು ಗೋಲಿನಲ್ಲಿ ನಿಲ್ಲಿಸಿದ. ಮೈಯೆಲ್ಲ ಹಾಕಿ ತಡೆಯುತ್ತಿದ್ದಳು. ಆದರೂ ಒಂದೊಂದು ಸಲ ಚೆಂಡು ನುಗ್ಗಿ ಗೆರೆ ಅಳಿಸುತ್ತಿತ್ತು. ಆಗ ಕುಕ್ಕರಗಾಲಲ್ಲಿ ಕೂತು, ಬೆರಳಿಂದ ಗೆರೆ ಸರಿ ಮಾಡುವಳು. ಸುಣ್ಣ ಕೈ ಸುಡಬಾರದೆಂದು ನಾನು ಸ್ಟೀಲಿನ ಡಬ್ಬಿಯಲ್ಲಿ ರಂಗೋಲಿ ಪುಡಿ ಒಯ್ಯುತ್ತಿದ್ದೆ. ಗೋಲು ಹೊಡೆದವರೂ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದರು.

"ಮುಡಿಂಜುದಾಮ್ಮಾ?" ಮುಗಿಯಿತೇ ಎಂದು ಕೋಚ್ ಸೀಟಿ ಹಿಡಿದು ಕೇಳುವನು.

"ಇರುಪ್ಪಾ," ತಲೆಯೆತ್ತದೆ ಅನ್ನುವಳು, "ಇನ್ನೂ ಒಂಚೂರಿದೆ."